ಔಷಧ ಹಾಕಿದ ತಟ್ಟೆ

ಫೆಬ್ರವರಿ ೪

ಅಕ್ಕ ಇವತ್ತು ಮತ್ತೆ ಪ್ರಯೋಗಾಲಯಕ್ಕೆ ಬಂದಿದ್ದಳು. ಪಾರ್ಸೆಲ್ ಕೌಂಟರಿನ ಕೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ, ಬೆರಳಿನ ಗೋಂದನ್ನೂ ತೊಳೆದುಕೊಳ್ಳದೆ ಬಂದಿದ್ದಳು. ಬಾಗಿಲ ಕಾವಲಿನವನು ಈಗ ಅವಳನ್ನು ತಡೆಯುವುದನ್ನೂ ಬಿಟ್ಟಿದ್ದಾನೆ.

"ಏನಾದ್ರೂ ಕಾಣಿಸ್ತೇನೇ?"

"ಅಕ್ಕಾ, ಇದು ರಾತ್ರಿ ನೆನೆಸಿ ಬೆಳಿಗ್ಗೆ ಮೊಳಕೆ ನೋಡೋ ಕಾಳಲ್ಲ. ನಿನ್ನ ಮಗಳ ಚರ್ಮದ ಚೂರು ಬಂದು ಇನ್ನೂ ಹದಿನೈದು ದಿನ ಆಗಿಲ್ಲ. ಜೀವಕೋಶಗಳು ಈಗ ತಾನೇ ತಟ್ಟೆಗೆ ಅಂಟ್ಕೊಳ್ತಿವೆ."

"ಆಮೇಲೆ?"

"ಆಮೇಲೆ ಔಷಧ ಹಾಕ್ಬೇಕು. ಆಮೇಲೆ ಕಾಯ್ಬೇಕು. ನೂರಕ್ಕೆ ತೊಂಬತ್ತು ಪಾಲು ಆಗಲ್ಲ. ಆಸೆ ಇಟ್ಕೋಬೇಡ."

"ಹತ್ತು ಪಾಲು ಇದೆಯಲ್ಲ," ಎಂದು ಹೇಳಿ ಬಸ್ಸಿಗೆ ಹೊರಟೇಬಿಟ್ಟಳು. ಹತ್ತು ಅಂದದ್ದೇ ನನ್ನ ತಪ್ಪು. ಎರಡು ಅನ್ನಬೇಕಿತ್ತು.

ಪಕ್ಕದ ಮೇಜಿನವನು ಎಲ್ಲವನ್ನೂ ಕೇಳಿಸಿಕೊಂಡು ಕೇಳಿಸದವನಂತೆ ಕೂತಿದ್ದ. ಉಪ್ಪನ್ನೂ ಎರಡು ಸಲ ತೂಗುವ ಆಸಾಮಿ, ಇಲ್ಲಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಾರೆ. ನನ್ನನ್ನು ಹಿಂದಿನಿಂದ ಹುಣಸೆ ಅನ್ನುತ್ತಾರೆಂದು ನನಗೆ ಗೊತ್ತಿದೆ. ಇಪ್ಪತ್ತು ವರ್ಷ ಜನರಿಗೆ ಆಗುವುದಿಲ್ಲ ಎಂದು ಹೇಳುತ್ತ ಬಂದವಳಿಗೆ ಬೆಲ್ಲ ಎಂದು ಹೆಸರಿಡುತ್ತಾರೆಯೇ?

ಫೆಬ್ರವರಿ ೯, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಹನ್ನೊಂದು ವರ್ಷದ ಮಗಳನ್ನು ಭಾವ ಮೇಲಕ್ಕೂ ಕೆಳಕ್ಕೂ ಹೊರುತ್ತಾರೆ. ಡ್ರೈವಿಂಗ್ ಕಲಿಸುವುದು ಅವರ ಕೆಲಸ. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಅಭ್ಯಾಸವಾಗಿ, ಸೋಫಾದಲ್ಲಿ ಕೂತರೂ ಯಾರಾದರೂ ಜೋರಾಗಿ ಮಾತಾಡಿದರೆ ಅವರ ಬಲಗಾಲು ನೆಲ ಒತ್ತುತ್ತದೆ. ಕೆಳಗಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಾಗುತ್ತಿದೆಯಂತೆ. ಅದನ್ನು ಹಿಡಿಯಲು ಓಡಾಡುತ್ತಿದ್ದಾರೆ. ಅವರು ಮಾಡಿರುವುದರಲ್ಲಿ ಬುದ್ಧಿವಂತಿಕೆಯ ಕೆಲಸ ಇದೊಂದೇ.

ಹುಡುಗಿಯನ್ನು ಮನೆಯಲ್ಲಿ ಮೆಣಸು ಎಂದು ಕರೆಯುವುದು. ಗಾತ್ರ ಚಿಕ್ಕದು, ಖಾರ ಜಾಸ್ತಿ. ಕಾಲು ಸೋತಂತೆಲ್ಲ ನಾಲಿಗೆ ಚುರುಕಾಗುತ್ತಿದೆ. ಒಮ್ಮೆ ಕೇಳಿದ ದನಿಯನ್ನು ಹಾಗೇ ತೆಗೆಯುತ್ತಾಳೆ. ಇವತ್ತು ಸ್ನಾಯು ಡಾಕ್ಟರ ದನಿ ತೆಗೆದಳು: "ನೋಡೋಣ, ನೋಡೋಣಮ್ಮಾ, ನೋಡೋಣ." ಆಮೇಲೆ ಗಲ್ಲ ಒಳಕ್ಕೆಳೆದುಕೊಂಡು, "ಆಸೆ ಇಟ್ಕೋಬೇಡಿ," ಎಂದಳು. ಭಾವ ಬಿದ್ದು ಬಿದ್ದು ನಕ್ಕರು. ನಾನು ಹಾಗೆ ಗಲ್ಲ ಎಳೆಯುತ್ತೇನೆಂದು ನನಗೆ ಗೊತ್ತಿರಲಿಲ್ಲ.

"ಚಿಕ್ಕೀ, ನನ್ನ ಒಳಗೆ ಏನು ಹಾಳಾಗಿದೆ? ಸರಿಯಾಗಿ ಹೇಳು. ಅಪ್ಪ ಹೇಳಿದ್ರೆ ಗೇರ್ ಬಾಕ್ಸ್ ಅಂತಾರೆ."

ಹೇಳಿದೆ. ಮಕ್ಕಳಿಗೆ ಸುಳ್ಳು ಹೇಳುವುದು ನನಗೆ ಆಗದ ಕೆಲಸ.

"ಪ್ರತಿ ಜೀವಕೋಶದೊಳಗೂ ಡಿಎನ್‌ಎ ಅಂತ ಉದ್ದದ ಬರಹ ಇರತ್ತೆ. ನಾಲ್ಕೇ ಅಕ್ಷರ. ಒಂದು ಪ್ರೋಟೀನು ಬೇಕು ಅಂದಾಗ ಅಷ್ಟು ಭಾಗಕ್ಕೆ ನಕಲು ತೆಗೆಯತ್ತೆ. ಮೂಲ ಬರಹ ತನ್ನ ಕೋಣೆ ಬಿಟ್ಟು ಹೊರಗೆ ಬರಲ್ಲ. ನಕಲು ಬರತ್ತೆ. ಅದಕ್ಕೆ ಆರ್‌ಎನ್‌ಎ ಅಂತಾರೆ. ಹೊರಗಡೆ ರೈಬೋಸೋಮ್ ಅನ್ನೋದು ಅದನ್ನ ಹಿಡಿದು ಮೂರು ಮೂರಕ್ಷರ ಓದತ್ತೆ. ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ, ಒಂದು ಮಣಿ ಅಂದ್ಕೋ. ಓದ್ತಾ ಓದ್ತಾ ಪೋಣಿಸ್ತಾ ಹೋಗತ್ತೆ. ಕೊನೇಲಿ 'ಸಾಕು' ಅನ್ನೋ ಮೂರಕ್ಷರ ಬಂದ್ರೆ ಕೈ ಬಿಡತ್ತೆ. ಆ ಸರ ಮಡಚ್ಕೊಂಡು ಪ್ರೋಟೀನು ಆಗತ್ತೆ."

"ನನ್ನದ್ರಲ್ಲಿ?"

"ಸ್ನಾಯುವನ್ನ ಬಿಗಿಯಾಗಿ ಹಿಡಿದಿಡೋ ಪ್ರೋಟೀನು ಒಂದಿದೆ. ಅದ್ರ ಬರಹದಲ್ಲಿ ಒಂದಕ್ಷರ ಬದಲಾಗಿ, ಅರ್ಧ ದಾರಿನೂ ಮುಗಿಯೋ ಮೊದ್ಲೇ 'ಸಾಕು' ಬಂದ್ಬಿಟ್ಟಿದೆ."

"ರೈಬೋಸೋಮ್ ಪೆದ್ದ. ಇಷ್ಟು ಚಿಕ್ಕ ಸರ ಯಾರಿಗೆ ಸಾಲತ್ತೆ ಅಂತ ಗೊತ್ತಾಗಲ್ವಾ ಅದಕ್ಕೆ?"

"ಗೊತ್ತಾಗಲ್ಲ. ಅದಕ್ಕೆ ಗೊತ್ತಿರೋದು ಮೂರಕ್ಷರ ಮಾತ್ರ."

"ಆ ಚಿಕ್ಕ ಸರ ಏನಾಗತ್ತೆ?"

"ಜೀವಕೋಶ ಬಿಸಾಕತ್ತೆ. ಎಷ್ಟೋ ಸಲ ಅಂಥ ನಕಲನ್ನೇ ಹರಿದು ಹಾಕತ್ತೆ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಪ್ರಶ್ನೆ ಕೇಳಿದವಳು ಅವಳ ಮಗಳು, ನಾನೇನು ಮಾಡಲಿ?

ಫೆಬ್ರವರಿ ೨೦

ಔಷಧ ಬಂತು. ಕಿರುಬೆರಳಿನ ಗಾತ್ರದ ಶೀಶೆ, ತಳದಲ್ಲಿ ಚಿಟಿಕೆ ಪುಡಿ. ತಯಾರಿಸುವ ಸಂಸ್ಥೆಯವರು ಹೊಸ ಔಷಧವನ್ನು ಇಬ್ಬರು ಮಕ್ಕಳಿಗೆ ಮಾತ್ರ ಕೊಡುತ್ತಾರೆ. ಮಗುವಿನ ಜೀವಕೋಶದಲ್ಲಿ ಅದು ಕೆಲಸ ಮಾಡುತ್ತದೆಂದು ಪ್ರಯೋಗಾಲಯ ತೋರಿಸಬೇಕು, ಆಮೇಲೆ ಆಸ್ಪತ್ರೆಯ ಸಮಿತಿ ಒಪ್ಪಬೇಕು. ಔಷಧ ಮಾಡುವುದಿಷ್ಟೇ: ಆ ಅಕಾಲದ 'ಸಾಕು' ಬಂದಾಗ ರೈಬೋಸೋಮಿನ ಕಣ್ಣಿಗೆ ಮಣ್ಣೆರಚುತ್ತದೆ. ಅದು ತಡವರಿಸಿ ಯಾವುದೋ ಒಂದು ಮಣಿ ಪೋಣಿಸಿ ಮುಂದಕ್ಕೆ ಹೋಗುತ್ತದೆ. ಹೋದರೆ ಪೂರ್ತಿ ಸರ. ಎಲ್ಲರಲ್ಲೂ ಹೋಗುವುದಿಲ್ಲ. ಯಾರಲ್ಲಿ ಹೋಗುತ್ತದೆಂದು ತಟ್ಟೆಯಲ್ಲೇ ನೋಡಬೇಕು.

ಬಿಟ್ಟಿ ಬರುವುದಿಲ್ಲ. ಈ ಔಷಧ ಕಿವಿ ಕೆಡಿಸುತ್ತದೆ. ಮೂವರಲ್ಲಿ ಒಬ್ಬರಿಗೆ ಕೇಳಿಸುವುದು ಕಡಿಮೆಯಾಗಿದೆ, ಕೆಲವರಿಗೆ ಪೂರ್ತಿ ಹೋಗಿದೆ. ಅಕ್ಕ, ಭಾವ ಇಬ್ಬರೂ ಯೋಚಿಸಿ ಒಪ್ಪಿದ್ದಾರೆ. ನಡೆಯುವುದಾದರೆ ಕಿವಿ ಹೋಗಲಿ ಎಂದರಂತೆ. ಕಿವಿ ಅವರದಲ್ಲ.

ಮೆಣಸಿನ ಜೀವಕೋಶಗಳನ್ನು ಎರಡು ತಟ್ಟೆ ಮಾಡಿದ್ದೇನೆ, ಒಂದಕ್ಕೆ ಔಷಧ, ಒಂದಕ್ಕೆ ಬರೀ ಆಹಾರದ ದ್ರಾವಣ. ಹೋಲಿಸಲು ಅಕ್ಕನ ಚರ್ಮದಿಂದಲೂ ಎರಡು ತಟ್ಟೆ. ಅಕ್ಕನಲ್ಲಿ ಬರಹದ ಒಂದು ಪ್ರತಿ ಸರಿ, ಒಂದು ತಪ್ಪು. ಭಾವನದೂ ಹಾಗೆಯೇ. ಮಗುವಿಗೆ ಇಬ್ಬರಿಂದಲೂ ತಪ್ಪೇ ಬಂದಿದೆ.

ಒಬ್ಬೊಬ್ಬರ ಜೀವಕೋಶಕ್ಕೂ ಬೇರೆ ಬಾಟಲಿ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದವಳು ನಾನೇ. ಆದರೆ ಪುಡಿ ಇರುವುದೇ ಇಷ್ಟು. ಎರಡು ಬಾಟಲಿ ಮಾಡಿದರೆ ಎರಡರಲ್ಲೂ ತಳದಲ್ಲಿ ಉಳಿದದ್ದು ದಂಡ. ಒಂದೇ ಬಾಟಲಿಯಲ್ಲಿ ಕಲಸಿ ಅಕ್ಕನ ತಟ್ಟೆಗೂ ಮಗಳ ತಟ್ಟೆಗೂ ಅದರಿಂದಲೇ ಹಾಕಿದೆ. ತಕ್ಕಡಿ ನೋಡಿದ. ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿಕೊಂಡ.

ಮಾರ್ಚ್ ೨

ಔಷಧ ಹಾಕಿದ ತಟ್ಟೆಯಲ್ಲಿ ಏನೂ ವಿಶೇಷವಿಲ್ಲ. ಮೆಣಸಿನ ಜೀವಕೋಶಗಳು ಸೋಮಾರಿಗಳು. ಅಕ್ಕನವು ತಟ್ಟೆ ತುಂಬಿ ತುಳುಕುತ್ತಿವೆ.

ಅಕ್ಕ ಫೋನು ಮಾಡಿದಳು. ತೆಗೆಯಲಿಲ್ಲ.

ಮಾರ್ಚ್ ೧೫

ಸಂಜೆ ಅಕ್ಕನ ಮನೆಯಲ್ಲಿ ರಾದ್ಧಾಂತ. ನಮ್ಮ ಮನೆತನದ ಉಳಿದವರ ಡಿಎನ್‌ಎ ಪರೀಕ್ಷೆಯ ಫಲ ಬಂದಿದೆ. ನನ್ನಲ್ಲಿ ಎರಡು ಪ್ರತಿಯೂ ಸರಿ. ಭಾವ ಒಳ್ಳೆಯ ಮನಸ್ಸಿನಿಂದಲೇ "ನಿಮಗೇನೂ ಇಲ್ವಂತೆ, ಒಳ್ಳೇದಾಯ್ತು," ಅಂದರು. ಅಕ್ಕ ಸಟ್ಟನೆ ತಿರುಗಿದಳು.

"ಮದುವೆ ಇಲ್ಲ, ಮಕ್ಕಳಿಲ್ಲ, ಅವಳಿಗೆ ಎರಡೂ ಸರಿ. ಸರಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾಳಾ? ನಂಗೆ ಬೇಕಿತ್ತು ಅದು. ನಂಗೆ!"

ಭಾವನ ಬಲಗಾಲು ನೆಲ ಒತ್ತಿತು. ಅವಳ ಮಾತು ಅಲ್ಲಿಗೂ ನಿಲ್ಲಲಿಲ್ಲ. ತಾನು ಹೊತ್ತು ಹೆತ್ತದ್ದೇ ಮಗಳಿಗೆ ವಿಷವಾಯಿತು, ಕೊಟ್ಟದ್ದು ತಾನೇ ಎಂದು ಅತ್ತಳು. ಕೊಟ್ಟವರು ಇಬ್ಬರೂ ಎಂದು ತಿದ್ದಿದೆ. ಅದು ಬೇಕಿರಲಿಲ್ಲ. ಸರಿಯಾದ ಪ್ರತಿಯನ್ನು ಕಿತ್ತು ಕೊಡುವ ಹಾಗಿದ್ದರೆ ಕೊಟ್ಟು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಮಾರ್ಚ್ ೨೧

ಒಂದು ವಿಚಿತ್ರ. ಮೆಣಸಿನ ಔಷಧದ ತಟ್ಟೆ ಚುರುಕಾಗಿದೆ. ಔಷಧ ಹಾಕದ ತಟ್ಟೆಯಲ್ಲಿ ಅದೇ ಸೋಮಾರಿತನ, ಇದರಲ್ಲಿ ಮಾತ್ರ ಜೀವಕೋಶಗಳು ಉದ್ದುದ್ದ ಚಾಚಿಕೊಂಡು ಸಾಲುಗಟ್ಟಿ ನಿಂತಿವೆ. ಪ್ರೋಟೀನು ಬಂದರೆ ಜೀವಕೋಶಕ್ಕೆ ಬಲ ಬರಲೇಬೇಕಲ್ಲ.

ನಾನು ಆಸೆ ಇಟ್ಟುಕೊಂಡಿಲ್ಲ. ಕಂಡದ್ದನ್ನು ಬರೆದಿದ್ದೇನೆ, ಅಷ್ಟೇ.

ಮಾರ್ಚ್ ೨೨

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಹೌದು, ಚುರುಕಾಗಿವೆ. ಮಧ್ಯಾಹ್ನ ಊಟ ಬಿಟ್ಟು ಮತ್ತೆ ನೋಡಿದೆ. ಸಂಜೆ ಹೋಗುವ ಮುಂಚೆ ಒಂದು ಸಲ. ತಕ್ಕಡಿ "ಪದೇ ಪದೇ ಹೊರಗೆ ತೆಗೆದ್ರೆ ಅವಕ್ಕೆ ಶೀತ ಆಗತ್ತೆ," ಎಂದ. ಮೂಗು ತೂರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

ಏಪ್ರಿಲ್ ೩

ಬಂತು.

ಜೀವಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಸರಿಯುವಂತೆ ಬಿಟ್ಟು, ನಮಗೆ ಬೇಕಾದದ್ದಕ್ಕೆ ಮಾತ್ರ ಬಣ್ಣ ಹಿಡಿಸಿದರೆ ಅದು ಇದ್ದಲ್ಲಿ ಒಂದು ಕಪ್ಪು ಪಟ್ಟೆ ಮೂಡುತ್ತದೆ. ಅಕ್ಕನ ಸಾಲಿನಲ್ಲಿ ಪಟ್ಟೆ ಇತ್ತು, ಇರಲೇಬೇಕು. ಮಗಳ ಔಷಧವಿಲ್ಲದ ಸಾಲು ಬೋಳು. ಔಷಧ ಹಾಕಿದ ಸಾಲಿನಲ್ಲಿ, ಅಕ್ಕನ ಪಟ್ಟೆಯ ನೇರಕ್ಕೆ, ಪೂರ್ತಿ ಉದ್ದದ ಪ್ರೋಟೀನು ಇರಬೇಕಾದ ಜಾಗದಲ್ಲೇ ಪಟ್ಟೆ! ತೆಳುವೂ ಅಲ್ಲ, ಕಾಡಿಗೆ ತೀಡಿದ ಹಾಗೆ ಕಪ್ಪು.

ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೂ ನೋಡಲಿಲ್ಲ. ನೋಡಿದ್ದರೂ ಚಿಂತೆ ಇರಲಿಲ್ಲ. ಇಷ್ಟು ವರ್ಷ ನಾನು ನೋಡಿದ ಪಟ್ಟೆಗಳೆಲ್ಲ ಯಾರದೋ. ಇದು ನಮ್ಮ ಮನೆಯದು.

ಎರಡು ಸಲ ಮತ್ತೆ ಮಾಡಿ ನೋಡದೆ ಯಾರಿಗೂ ಹೇಳಬಾರದು.

ಸಂಜೆ ಅಕ್ಕನಿಗೆ ಹೇಳಿದೆ.

ಏಪ್ರಿಲ್ ೬, ಭಾನುವಾರ

ಅಕ್ಕ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಬ್ಬಿಕೊಂಡಿದ್ದಳು, ಆಮೇಲೆ ಇವತ್ತೇ. ಮೆಣಸು ನನ್ನ ದನಿಯಲ್ಲಿ "ಆಸೆ ಇಟ್ಕೋಬೇಡಿ," ಎಂದಳು. ನನಗೂ ನಗು ಬಂತು. ಎಲ್ಲರೂ ಸೇರಿ ನಕ್ಕೆವು.

ಭಾವ ಕೆಳಬೀದಿಯ ಮನೆಯ ಮಾತೆತ್ತಿದರು. ಮನೆಯವರು ನಾಳೆಯೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದಿದ್ದಾರಂತೆ.

"ಯಾಕೆ ಭಾವ, ಇಷ್ಟು ಗಾಳಿ ಬೆಳಕಿನ ಮನೆ ಬಿಟ್ಟು ಆ ಗವಿಗೆ ಯಾಕೆ ಹೋಗ್ತೀರಾ? ಇನ್ನೊಂದು ವರ್ಷದಲ್ಲಿ ಅವಳೇ ಹತ್ತಿ ಇಳೀತಾಳೆ," ಎಂದೆ.

"ಹೌದಾ? ಖಂಡಿತಾನಾ? ನೀವು ಸುಮ್ಮನೆ ಹೇಳೋರಲ್ಲ," ಎಂದರು. ನಾನು ಸುಮ್ಮನೆ ಹೇಳುವವಳಲ್ಲ. ಅವರು ಅಲ್ಲೇ ಫೋನು ತೆಗೆದು ಮನೆ ಬೇಡವೆಂದರು.

ಏಪ್ರಿಲ್ ೧೨

ಮತ್ತೆ ಎರಡು ಸಲ ಮಾಡಿದೆ. ಅದೇ ಔಷಧದ ತಟ್ಟೆಯಿಂದ ತೆಗೆದು ಮಾಡಿದೆ, ಎರಡು ಸಲವೂ ಪಟ್ಟೆ ಬಂತು. ಸಮಿತಿ ನಿನ್ನೆಯೇ ಒಪ್ಪಿದೆ. ಇಪ್ಪತ್ತೆಂಟನೇ ತಾರೀಖು, ಸೋಮವಾರ, ಮೊದಲ ಡ್ರಿಪ್. ನಮ್ಮ ವಿಭಾಗದ ದೊಡ್ಡವರು ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದರು. ತಕ್ಕಡಿ ಮಾತ್ರ ಮುಖ ಊದಿಸಿಕೊಂಡಿದ್ದಾನೆ. ಹೊಟ್ಟೆಕಿಚ್ಚಿಗೆ ನನ್ನ ಶೀಶೆಗಳಲ್ಲಿ ಔಷಧವಿಲ್ಲ.

ಏಪ್ರಿಲ್ ೧೭

ತಕ್ಕಡಿಯ ಜತೆ ಜಗಳ. ಜಗಳವೆಂದರೆ ಕೂಗಿದವಳು ನಾನೊಬ್ಬಳೇ.

"ಮಗಳ ಜೀವಕೋಶ ಇದ್ದಕ್ಕಿದ್ದ ಹಾಗೆ ಯಾಕೆ ಅಷ್ಟು ಬೇಗ ಬೆಳೀತಿದೆ?" ಎಂದ.

"ಔಷಧ ಕೆಲಸ ಮಾಡ್ತಿದೆ, ಅದಕ್ಕೆ."

"ಆ ಪ್ರೋಟೀನಿಗೂ ಬೆಳವಣಿಗೆಗೂ ಸಂಬಂಧ ಇದೆ ಅಂತ ಯಾರು ಹೇಳಿದ್ದು?"

"ಮೂರು ಸಲ ಮಾಡಿದೀನಿ ರೀ!"

"ಮೂರು ಸಲಾನೂ ಅದೇ ತಟ್ಟೆಯಿಂದ," ಎಂದ. "ಫ್ರೀಜರಲ್ಲಿ ಇಟ್ಟಿರೋ ಮೊದಲಿನ ಶೀಶೆಯಿಂದ ಹೊಸದಾಗಿ ಮಾಡಿ. ಅದಾಗದಿದ್ರೆ ಆ ತಟ್ಟೆಯ ಡಿಎನ್‌ಎ ಓದಿಸಿ ನೋಡಿ. ಒಂದು ದಿನದ ಕೆಲಸ."

ನಿಮಗೆ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದುಬಿಟ್ಟೆ. ಅವನಿಗೆ ಇಬ್ಬರು ಮಕ್ಕಳಿದ್ದಾರೆ. ಇಲ್ಲದವಳು ನಾನು. ಅವನು ಅದನ್ನು ಹೇಳಲಿಲ್ಲ, ಕನ್ನಡಕ ಒರೆಸಿಕೊಂಡು ಹೋದ.

ಅವನ ಬಾಯಿ ಮುಚ್ಚಿಸಲಿಕ್ಕಾದರೂ ಓದಿಸುತ್ತೇನೆ.

ಏಪ್ರಿಲ್ ೨೨

ಮೆಣಸಿನ ಡಿಎನ್‌ಎಯಲ್ಲಿ ಆ ಜಾಗದಲ್ಲಿ ಎರಡು ಪ್ರತಿಯೂ ತಪ್ಪು, ಹಾಗಾಗಿ ಒಂದೇ ಅಕ್ಷರ ಕಾಣಬೇಕು. ಯಂತ್ರ ತೋರಿಸಿದ ಗೆರೆಗಳಲ್ಲಿ ಆ ಜಾಗದಲ್ಲಿ ಎರಡು ಬಣ್ಣ, ಎರಡು ಶಿಖರ. ತಪ್ಪು ಅಕ್ಷರವೂ ಇದೆ, ಸರಿ ಅಕ್ಷರವೂ ಇದೆ. ಹೆಚ್ಚು ಕಡಿಮೆ ಸಮಸಮ.

ಔಷಧ ರೈಬೋಸೋಮನ್ನು ಮರುಳು ಮಾಡಬಹುದು, ಡಿಎನ್‌ಎಯ ಅಕ್ಷರವನ್ನು ತಿದ್ದಲಾರದು.

ತಟ್ಟೆಯಲ್ಲಿ ಇರುವುದು ಮೆಣಸಲ್ಲ. ಅಕ್ಕ.

ಏಪ್ರಿಲ್ ೨೩

ಕೆಲಸಕ್ಕೆ ಹೋಗಲಿಲ್ಲ.

ದ್ರಾವಣ ಹೀರಿ ಹಾಕುವ ಪಿಪೆಟ್ಟಿನ ತುದಿ ಅಕ್ಕನ ತಟ್ಟೆಗೆ ತಾಗಿರಬೇಕು, ಅದೇ ತುದಿ ಮತ್ತೆ ಬಾಟಲಿಗೆ ಇಳಿದಿರಬೇಕು. ಬಾಟಲಿಯಿಂದ ನಾಲ್ಕಾರು ಜೀವಕೋಶ ಮಗಳ ತಟ್ಟೆಗೆ. ಆಮೇಲೆ ಪ್ರತಿ ಸಲ ಆಹಾರ ಹಾಕುವಾಗಲೂ ಇನ್ನಷ್ಟು. ಮಗಳ ಔಷಧವಿಲ್ಲದ ತಟ್ಟೆಗೆ ಅದರದೇ ಬೇರೆ ಬಾಟಲಿ ಇತ್ತು, ಅದಕ್ಕೇ ಅದು ಬೋಳಾಗಿ ಉಳಿಯಿತು, ಅದಕ್ಕೇ ನಾನು ನಂಬಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ.

ಭಾವ ಫೋನು ಮಾಡಿದ್ದರು. ಆಸ್ಪತ್ರೆಗೆ ಏನೇನು ತೆಗೆದುಕೊಂಡು ಹೋಗಬೇಕೆಂದು ಕೇಳಿದರು. ಎರಡು ಜತೆ ಬಟ್ಟೆ, ಒಂದು ಹೊದಿಕೆ ಎಂದೆ. ದನಿ ಸರಿಯಾಗಿಯೇ ಇತ್ತು.

ಏಪ್ರಿಲ್ ೨೪

ಯಾರಿಗೂ ಹೇಳದಿದ್ದರೆ?

ಪಟ್ಟೆ ಸುಳ್ಳು ಎಂದ ಮಾತ್ರಕ್ಕೆ ಔಷಧ ಸುಳ್ಳಾಗಬೇಕಿಲ್ಲ. ಅವಳ ತಟ್ಟೆಯಲ್ಲಿ ನಿಜವಾಗಿ ಏನಾಯಿತೆಂದು ನನಗೆ ಗೊತ್ತೇ ಇಲ್ಲ. ಸ್ನಾಯುವಿನಲ್ಲಿ ಕೆಲಸ ಮಾಡಿದರೂ ಮಾಡಬಹುದು. ನೂರಕ್ಕೆ ಹತ್ತು ಪಾಲು. ಹತ್ತು ಪಾಲು ಇದೆಯಲ್ಲ! ಸೋಮವಾರ ಕಳೆದರೆ ಯಾರು ಕೇಳುತ್ತಾರೆ? ಹೇಳಿದರೆ ಔಷಧ ಇನ್ನೊಂದು ಮಗುವಿಗೆ ಹೋಗುತ್ತದೆ, ನಾನು ಮುಖವನ್ನೂ ನೋಡಿರದ ಮಗು. ನನಗೆ ಆ ಮಗುವಿನ ಹಂಗೇನು?

ಏಪ್ರಿಲ್ ೨೫

ತಕ್ಕಡಿಗೆ ಹೇಳಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವ ಹಾಗಿತ್ತು. ಅವನಿಗೆ ಆಶ್ಚರ್ಯವಾಗಲಿಲ್ಲ. ತಟ್ಟೆಗಳನ್ನು ಬೆಚ್ಚಗಿಡುವ ತನ್ನ ಇನ್‌ಕ್ಯುಬೇಟರಿನ ಕೆಳಗಿನ ಅರೆಯಿಂದ ಒಂದು ತಟ್ಟೆ ತೆಗೆದ. ನಾನು ಆ ಮೊದಲಿನ ಶೀಶೆ ತೆಗೆಯುವುದಿಲ್ಲವೆಂದು ಅವನಿಗೆ ಮೊದಲೇ ಅನಿಸಿತ್ತಂತೆ. ಮಾರ್ಚ್ ಕೊನೆಯಲ್ಲೇ ಫ್ರೀಜರಿನಿಂದ ಮೆಣಸಿನ ಜೀವಕೋಶ ತೆಗೆದು, ಬೇರೆ ಬಾಟಲಿ ಇಟ್ಟುಕೊಂಡು, ಉಳಿದ ಚೂರು ಔಷಧ ಹಾಕಿ ತಾನೇ ಮಾಡಿದ್ದಾನೆ. ಫಲ ಹತ್ತು ದಿನದ ಹಿಂದೆಯೇ ಬಂದಿದೆ. ಸಾಲು ಬೋಳು. ಇದ್ದ ಔಷಧವನ್ನೆಲ್ಲ ಹಾಕಿದರೂ ಬೋಳು.

"ಹತ್ತು ದಿನದಿಂದ ಬಾಯಿ ಹೊಲ್ಕೊಂಡಿದ್ರಾ?"

"ನೀವು ಕಾರಿಡಾರಿನಲ್ಲಿ ಹಾಡ್ತಾ ಇದ್ರಿ," ಎಂದ. "ಹೇಗೆ ಹೇಳ್ಲಿ? ನೀವೇ ಕಂಡ್ಕೊಳ್ಳಲಿ ಅಂತ ಡಿಎನ್‌ಎ ಓದ್ಸಿ ಅಂದೆ. ನನ್ನದೂ ತಪ್ಪೇ."

ನಾನು ಹಾಡುತ್ತಿದ್ದೆನಂತೆ. ನನಗೆ ನೆನಪೇ ಇಲ್ಲ.

ಇನ್ನು ಹತ್ತು ಪಾಲೂ ಇಲ್ಲ. ಅವಳ 'ಸಾಕು' ಈ ಔಷಧಕ್ಕೆ ಜಗ್ಗುವುದಿಲ್ಲ. ಸೋಮವಾರ ಅವಳಿಗೆ ಕೊಟ್ಟರೆ ಕಾಲು ಬರುವುದಿಲ್ಲ, ಕಿವಿ ಮಾತ್ರ ಹೋಗಬಹುದು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ನಿನ್ನೆ ಬರೆದದ್ದನ್ನು ಓದಿದೆ. ಹರಿದು ಹಾಕಬೇಕೆನಿಸಿತು. ಇರಲಿ.

ಏಪ್ರಿಲ್ ೨೬

ಬೆಳಿಗ್ಗೆ ಸ್ನಾಯು ಡಾಕ್ಟರಿಗೆ ಫೋನು ಮಾಡಿದೆ. ಎರಡು ನಿಮಿಷದ ಮಾತು. ಆಮೇಲೆ "ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದರು. ಬೈದಿದ್ದರೆ ವಾಸಿಯಿತ್ತು. ಮನೆಯವರಿಗೆ ನಾನು ಹೇಳಲೋ ನೀವೇ ಹೇಳುತ್ತೀರೋ ಎಂದು ಕೇಳಿದರು. ನಾನೇ ಎಂದೆ.

ದೊಡ್ಡವರು ತಟ್ಟಿದ ಬೆನ್ನನ್ನು ಇವತ್ತು ನೋಡಲೂ ಇಲ್ಲ. ಅದು ನ್ಯಾಯವೇ.

ಏಪ್ರಿಲ್ ೨೭, ಭಾನುವಾರ

ಅಕ್ಕ ಮನೆಯಲ್ಲಿರಲಿಲ್ಲ, ಆಸ್ಪತ್ರೆಗೆ ಬೇಕಾದ ಸಾಮಾನು ತರಲು ಹೋಗಿದ್ದಳು. ಭಾವ ಕಾರು ತೊಳೆಯಲು ಕೆಳಗಿಳಿದಿದ್ದರು. ಮೆಣಸು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಚೀಲ. ನನ್ನ ಮುಖ ನೋಡಿ "ಏನು ಹಾಳಾಯ್ತು?" ಎಂದಳು. ದೊಡ್ಡವರಿಗೆ ಮೊದಲು ಹೇಳಬೇಕೆಂದು ಬಂದಿದ್ದೆ. ಆಗಲಿಲ್ಲ.

"ನಾಳೆ ಆಸ್ಪತ್ರೆ ಇಲ್ಲ ಕಣೇ. ಔಷಧ ನಿಂಗೆ ಕೆಲಸ ಮಾಡಲ್ಲ. ನಾನು ತಪ್ಪು ಮಾಡ್ದೆ."

"ಪಟ್ಟೆ ಬಂದಿತ್ತಲ್ಲ?"

"ಬಂದಿದ್ದು ನಿಂದಲ್ಲ. ತಟ್ಟೆಗೆ ಅಮ್ಮನ ಜೀವಕೋಶ ಸೇರ್ಕೊಂಡಿತ್ತು. ಅವಳದಕ್ಕೂ ನಿನ್ನದಕ್ಕೂ ಒಂದೇ ಬಾಟಲಿ ಬಳಸಿದೆ. ಬಳಸಬಾರದು ಅಂತ ಗೊತ್ತಿದ್ದೂ ಬಳಸಿದೆ."

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಲೆಕ್ಕದ ಪ್ರಶ್ನೆ ಬಿಡಿಸುವವಳಂತೆ ಹುಬ್ಬು ಗಂಟಿಕ್ಕಿದಳು.

"ಹಾಗಾದ್ರೆ ನನ್ನವು ಎಲ್ಲಿ ಹೋದ್ವು?"

"ಅಮ್ಮನವು ಜೋರಾಗಿ ಬೆಳೆಯೋವು. ತಟ್ಟೆ ಎಲ್ಲಾ ತುಂಬ್ಕೊಂಡ್ವು. ನಿನ್ನವಕ್ಕೆ ಜಾಗ ಸಾಲದೆ..."

"ಸತ್ವಾ?"

"ಹೂಂ. ಸುಮಾರು."

ಕೆಳಗೆ ಭಾವ ಬಕೆಟ್ಟಿನ ನೀರು ಸುರಿದ ಸದ್ದು. ಅವಳು ಕಿಟಕಿಯಿಂದ ಒಂದು ಸಲ ಬಗ್ಗಿ ನೋಡಿ, ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದಳು:

"ಚಿಕ್ಕೀ, ಇದನ್ನ ಅಮ್ಮಂಗೆ ಹೇಳ್ಬೇಡ. ಔಷಧ ಆಗಲ್ಲ ಅಂತ ಹೇಳು. ಅದು ಅಮ್ಮನ ಜೀವಕೋಶ ಅಂತ ಮಾತ್ರ ಹೇಳ್ಬೇಡ. ಅವಳು ಮೊದ್ಲೇ ಎಲ್ಲಾ ತನ್ನಿಂದಾನೇ ಅಂತ ಬಾತ್‌ರೂಮಲ್ಲಿ ಅಳ್ತಾಳೆ. ನಂಗೆ ಕೇಳ್ಸಲ್ಲ ಅಂದ್ಕೊಂಡಿದಾಳೆ."

ಉತ್ತರ ಕೊಡುವಷ್ಟರಲ್ಲಿ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದಾಯಿತು. ಎರಡೂ ಕೈಯಲ್ಲಿ ಚೀಲ ಹಿಡಿದೇ ಒಳಗೆ ಬಂದಳು. ಹೊಸ ಹೊದಿಕೆ, ಹೊಸ ಫ್ಲಾಸ್ಕು. ನಾನು ನಿಂತುಕೊಂಡೇ ಹೇಳಿದೆ. ಯಾರ ಜೀವಕೋಶ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ, ಬಾಟಲಿ, ತಕ್ಕಡಿಯ ಬೋಳು ಸಾಲು, ಡಾಕ್ಟರು, ಔಷಧ ಬೇರೆ ಮಗುವಿಗೆ ಹೋದದ್ದು. ಅವಳು ಚೀಲ ಕೆಳಗಿಡಲಿಲ್ಲ.

"ಸುಮ್ಮನಿರೋಕೆ ಏನಾಗಿತ್ತು ನಿಂಗೆ?" ಎಂದಳು. "ಕೊಟ್ಟು ನೋಡ್ತಿದ್ವಿ. ಕಿವಿ ಹೋದ್ರೆ ಹೋಗ್ಲಿ ಅಂತ ನಾವು ಒಪ್ಪಿದ್ವಲ್ಲ."

"ಕಾಲು ಬರಲ್ಲ ಅಕ್ಕಾ. ಕಿವಿ ಮಾತ್ರ ಹೋಗತ್ತೆ."

"ಮನೇನೂ ಬಿಡಿಸಿದೆ. ಆ ಮನೆ ಹೋಯ್ತು ಗೊತ್ತಾ? ಬೇರೆಯವ್ರು ಬಂದಾಯ್ತು."

"ಗೊತ್ತು."

"ಯಾರದು?" ಇದ್ದಕ್ಕಿದ್ದಂತೆ ಕೇಳಿದಳು. "ಬೇರೆ ಜೀವಕೋಶ ಸೇರ್ಕೊಂಡಿತ್ತು ಅಂದ್ಯಲ್ಲ. ಯಾರದು?"

ಮೆಣಸು ನನ್ನನ್ನೇ ನೋಡುತ್ತಿದ್ದಳು.

"ನನ್ನದು," ಎಂದೆ. "ನನ್ನ ಕೈಯಿಂದ ಬಿದ್ದಿದ್ದು."

ಪ್ರಯೋಗಾಲಯದಲ್ಲಿ ಹೊಸಬರೂ ನಗುವ ಸುಳ್ಳು. ಕೈಯಿಂದ ಉದುರುವ ಚರ್ಮ ಸತ್ತದ್ದು, ಅದು ಯಾವ ತಟ್ಟೆಯಲ್ಲೂ ಬೆಳೆಯುವುದಿಲ್ಲ. ಪಾರ್ಸೆಲ್ ಕೌಂಟರಿನ ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು? ಗೊತ್ತಾಗಲಿಲ್ಲ. ನಂಬಿದಳು. ಚೀಲಗಳನ್ನು ನಿಧಾನವಾಗಿ ನೆಲದ ಮೇಲಿಟ್ಟಳು. ಅವಳ ಮುಖದಲ್ಲಿ ಅಳು ಬರುವ ಮೊದಲು ಸಿಟ್ಟು ಬಂತು. ಇಷ್ಟು ದಿನ ಅದು ಅವಳ ಮೇಲೇ ತಿರುಗಿಕೊಂಡಿತ್ತು, ಈಗ ಹೋಗಲು ಬೇರೆ ಜಾಗ ಸಿಕ್ಕಿತು.

"ನಿಂದು," ಎಂದಳು. "ನನ್ನ ಮಗುವಿನ ಜಾಗದಲ್ಲಿ ನಿಂದು ಬೆಳೀತು."

"ಹೂಂ."

"ಹೋಗು. ಇನ್ಮೇಲೆ ಈ ಮೆಟ್ಟಿಲು ಹತ್ಬೇಡ."

ಮೆಣಸು ಏನೋ ಹೇಳಲು ಬಾಯಿ ತೆರೆದಳು. ನಾನು ತಲೆ ಆಡಿಸಿದೆ. ಮುಚ್ಚಿಕೊಂಡಳು.

ಕೆಳಗೆ ಭಾವ ಒದ್ದೆ ಬಟ್ಟೆ ಹಿಂಡುತ್ತ "ಇಷ್ಟು ಬೇಗ ಹೊರಟ್ರಾ? ನಾಳೆ ಎಷ್ಟು ಹೊತ್ತಿಗೆ ಬರ್ಲಿ ನಿಮ್ಮನ್ನ ಕರ್ಕೊಂಡು ಹೋಗೋಕೆ?" ಎಂದು ಕೇಳಿದರು. ಅಕ್ಕ ಮೇಲೆ ಕಾಯುತ್ತಿದ್ದಾಳೆ, ಹೋಗಿ ಎಂದೆ. ಅವರು ಕೈ ಒರೆಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಎರಡೂ ಕೇಳಿದವು. ಆಮೇಲೆ ಅಕ್ಕ ಕೂಗಿ ಕೂಗಿ ನನ್ನನ್ನು ಬೈಯುವುದು ಬೀದಿಯವರೆಗೂ ಕೇಳಿತು. ತನ್ನನ್ನು ಒಂದು ಸಲವೂ ಬೈದುಕೊಳ್ಳಲಿಲ್ಲ.